ಮೊದಲು ಕೂಲಿ ಬಟವಾಡೆ, ಆಮೇಲೆ ತರಬೇತಿ: ಬೀದಿಯಲ್ಲಿ ಮಲಗುವವರಿಗೆ ಕೆಲಸ ಕಟ್ಟುವ ಬಗೆ

ಪ್ರಶ್ನೆ: ಮೈಸೂರಿನ ರೈಲು ನಿಲ್ದಾಣ, ಬಸ್ ನಿಲ್ದಾಣದ ಸುತ್ತಮುತ್ತ ರಾತ್ರಿ ಮಲಗುವವರಿಗೆ ಕೆಲವು ಸಮಯದಿಂದ ಊಟ ಕೊಡುತ್ತಿದ್ದೇವೆ. ಊಟಕ್ಕಿಂತ ಮುಂದೆ ಹೋಗಬೇಕು ಅನ್ನಿಸಿದೆ. ಸ್ನೇಹಿತರು ಸೇರಿ 5 ಲಕ್ಷ ರೂಪಾಯಿ ಒಟ್ಟು ಮಾಡಿದ್ದೇವೆ. ಆರು ತಿಂಗಳ ಹೊಲಿಗೆ ತರಬೇತಿ ಕೊಟ್ಟು, ಬಟ್ಟೆ ಚೀಲ ಹೊಲಿಸಿ ಮಾರುವ ಘಟಕ ಆರಂಭಿಸುವ ಯೋಚನೆ ಇದೆ. ಇದು ನಡೆಯುತ್ತದೆಯೇ? ನೋಂದಣಿ ಏನೇನು ಬೇಕು? ಎಲ್ಲಿ ಎಡವುವ ಸಾಧ್ಯತೆ ಇದೆ?

ಉತ್ತರ: ಹೊಲಿಗೆ ಘಟಕ ಬೇಡ. ನಿಮ್ಮ ಹಣ ಆರು ತಿಂಗಳಲ್ಲಿ ಮುಗಿಯುತ್ತದೆ, ತರಬೇತಿಗೆ ಬಂದವರು ಎರಡನೇ ವಾರಕ್ಕೇ ಹೋಗಿರುತ್ತಾರೆ. ಅವರಿಗೆ ಕಲಿಯುವ ಮನಸ್ಸಿಲ್ಲ ಎಂದಲ್ಲ. ರಾತ್ರಿಯ ಊಟ, ಬೀಡಿ, ಶೌಚಾಲಯ, ಸ್ನಾನ ಎಲ್ಲಕ್ಕೂ ದುಡ್ಡು ಕೊಡಬೇಕಾದವರು ಸಂಬಳವಿಲ್ಲದ ತರಗತಿಯಲ್ಲಿ ಕೂರಲಾರರು. ಬೀದಿಯಲ್ಲಿ ಮಲಗುವವರಲ್ಲಿ ಬಹುಪಾಲು ಜನ ಈಗಲೇ ದುಡಿಯುತ್ತಿದ್ದಾರೆ: ಅಡುಗೆ ಗುತ್ತಿಗೆದಾರರ ಬಳಿ ಬಡಿಸುವುದು, ಮಂಡಿಯಲ್ಲಿ ಮೂಟೆ ಹೊರುವುದು, ಚಿಂದಿ ಆಯುವುದು, ಬಣ್ಣ ಬಳಿಯುವುದು. ಅವರಿಗೆ ಇಲ್ಲದಿರುವುದು ನಾಳೆಯೂ ಕೆಲಸವಿದೆ ಎಂಬ ಖಾತರಿ, ಪೂರ್ತಿ ಕೂಲಿ, ಗಂಟು ಇಡಲು ಜಾಗ ಮತ್ತು ಗುರುತಿನ ಚೀಟಿ. ನೀವು ಕಟ್ಟಬೇಕಾದ ಸಂಸ್ಥೆ ಈ ನಾಲ್ಕನ್ನು ಕೊಡಬೇಕು. ಕೌಶಲವನ್ನು ಕೆಲಸ ಮಾಡುತ್ತಲೇ ಕಲಿಯುತ್ತಾರೆ. ಬಟ್ಟೆ ಚೀಲದ ಮಾರುಕಟ್ಟೆಯ ಕಷ್ಟ ಬೇರೆ: ದೊಡ್ಡ ಘಟಕಗಳ ದರಕ್ಕೆ ನೀವು ಇಳಿಯಲಾರಿರಿ, ಅಂಗಡಿಯವರು ಹಣ ಕೊಡುವುದು ಮಾಲು ಮಾರಿದ ಮೇಲೆ.

ಹೊರದೇಶಗಳಲ್ಲಿ ದಶಕಗಳ ಕಾಲ ನಿಂತ ಮೂರು ಪ್ರಯೋಗಗಳಿಂದ ತೆಗೆದುಕೊಳ್ಳುವಂಥದ್ದು ಇದೆ. ಲಂಡನ್‌ನಲ್ಲಿ 1991ರಲ್ಲಿ ಶುರುವಾದ 'ಬಿಗ್ ಇಶ್ಯೂ' ಪತ್ರಿಕೆಯನ್ನು ಮನೆಯಿಲ್ಲದವರು ಮುಖಬೆಲೆಯ ಅರ್ಧಕ್ಕೆ ಕೊಂಡು ಪೂರ್ತಿ ಬೆಲೆಗೆ ಮಾರುತ್ತಾರೆ. ಮೊದಲ ಕೆಲವು ಪ್ರತಿಗಳನ್ನು ಉಚಿತವಾಗಿ ಕೊಡುವುದರಿಂದ ಬಂಡವಾಳದ ಪ್ರಶ್ನೆ ಬರುವುದಿಲ್ಲ, ದುಡಿಮೆ ಅಂದೇ ಕೈಗೆ ಸಿಗುತ್ತದೆ. ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲಿರುವ, 1982ರಲ್ಲಿ ಆರಂಭವಾದ ಗ್ರೇಸ್ಟನ್ ಬೇಕರಿ ಸಂದರ್ಶನ ಮಾಡುವುದಿಲ್ಲ, ಹಿನ್ನೆಲೆ ಕೆದಕುವುದಿಲ್ಲ. ಹೆಸರು ಬರೆಸಿದವರಿಗೆ ಸರದಿ ಬಂದಾಗ ಕೆಲಸ. ಅಲ್ಲಿ ತಯಾರಾಗುವ ಬ್ರೌನಿ ಬೆನ್ ಅಂಡ್ ಜೆರ್ರೀಸ್ ಐಸ್‌ಕ್ರೀಮಿಗೆ ಹೋಗುತ್ತದೆ, ಅಂದರೆ ಗಿರಾಕಿ ಗಟ್ಟಿ. ಫ್ರಾನ್ಸ್‌ನಲ್ಲಿ 1949ರಲ್ಲಿ ಅಬ್ಬೆ ಪಿಯೆರ್ ಕಟ್ಟಿದ ಎಮ್ಮಾವ್ಸ್‌ನಲ್ಲಿ ಹಳೆಯ ಸಾಮಾನು ಕೂಡಿಸಿ, ದುರಸ್ತಿ ಮಾಡಿ ಮಾರುವವರು ಒಟ್ಟಿಗೇ ವಾಸಿಸುತ್ತಾರೆ. ಅಲ್ಲಿ ಹಾಸಿಗೆ, ಕೆಲಸ ಎರಡೂ ಒಂದೇ ದಿನ ಸಿಗುತ್ತವೆ. ಪತ್ರಿಕೆ, ಬ್ರೌನಿಗಳನ್ನು ಇಲ್ಲಿ ನಕಲು ಮಾಡುವ ಅಗತ್ಯವಿಲ್ಲ. ಸಂಜೆಯ ದುಡ್ಡು, ಪ್ರಶ್ನೆ ಕೇಳದ ಪ್ರವೇಶ, ಮಲಗುವ ಜಾಗ, ಈ ಮೂರನ್ನು ತನ್ನಿ.

ಮೈಸೂರಿನಲ್ಲಿ 5 ಲಕ್ಷಕ್ಕೆ ಹೊಂದುವ ಕೆಲಸ ಯಾವುದು? ಲಾಡ್ಜ್‌ಗಳ ಬೆಡ್‌ಶೀಟ್ ಒಗೆಯುವ ಘಟಕ ಒಳ್ಳೆಯ ವ್ಯವಹಾರವೇ. ಆದರೆ ಯಂತ್ರ, ನೀರು, ಒಣಗಿಸುವ ವ್ಯವಸ್ಥೆಗೇ ನಿಮ್ಮ ಹಣ ಸಾಲದು. ತಿಂಡಿ ಗಾಡಿಗೆ ಜಾಗದ ತಂಟೆ, ಒಂದು ಗಾಡಿಯಲ್ಲಿ ಇಬ್ಬರಿಗೆ ಮಾತ್ರ ಕೆಲಸ. ನನ್ನ ಸಲಹೆ ಶುಚಿ ಕೆಲಸದ ತಂಡ: ಕಲ್ಯಾಣ ಮಂಟಪಗಳು, ಪಿಜಿಗಳು, ವಿದ್ಯಾರ್ಥಿನಿಲಯಗಳು. ಯಂತ್ರ ಕಡಿಮೆ, ಕಲಿಯಲು ನಾಲ್ಕೈದು ದಿನ ಸಾಕು, ನಾಲ್ವರು ಜೊತೆಗಿರುವುದರಿಂದ ಒಬ್ಬರ ನಿಧಾನ ಉಳಿದವರಲ್ಲಿ ಸರಿದೂಗುತ್ತದೆ. ಛತ್ರದವರು ಹಣವನ್ನು ಅಂದೇ ಕೊಡುತ್ತಾರೆ, ಪಿಜಿಯ ಕೆಲಸ ವರ್ಷವಿಡೀ ಇರುತ್ತದೆ. ಒಂದು ಮಾತು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ: ಶೌಚಗುಂಡಿ, ಮ್ಯಾನ್‌ಹೋಲ್‌ಗೆ ನಿಮ್ಮವರು ಯಾರೂ ಇಳಿಯಕೂಡದು. ಮಲಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಜನರನ್ನು ಹಾಗೆ ಇಳಿಸುವುದು ಅಪರಾಧ. "ಸ್ವಲ್ಪ ಕಟ್ಟಿಕೊಂಡಿದೆ, ನೋಡಿಬಿಡಿ" ಎಂದು ಗಿರಾಕಿ ಕೇಳಿಯೇ ಕೇಳುತ್ತಾನೆ. ಬೇಡವೆನ್ನಲು ಮೇಸ್ತ್ರಿಗೆ ಪೂರ್ಣ ಅಧಿಕಾರ ಕೊಡಿ.

ಈಗ ಲೆಕ್ಕ. ನಾಲ್ವರು ಮತ್ತು ಒಬ್ಬ ಮೇಸ್ತ್ರಿ ಸೇರಿ ಒಂದು ತಂಡ. ಕೂಲಿ ತಲಾ 600, ಮೇಸ್ತ್ರಿಗೆ 900 ಎಂದಿಟ್ಟುಕೊಳ್ಳೋಣ. ನಿಜವಾದ ದರವನ್ನು ನಿಮ್ಮ ಕೆಲಸದ ವರ್ಗಕ್ಕೆ ಕಾರ್ಮಿಕ ಇಲಾಖೆ ಪ್ರಕಟಿಸಿರುವ ಕನಿಷ್ಠ ವೇತನದ ಪಟ್ಟಿಯಲ್ಲಿ ನೋಡಿ. ಅದಕ್ಕಿಂತ ಒಂದು ರೂಪಾಯಿ ಕಡಿಮೆಯಾಗುವಂತಿಲ್ಲ, ಮತ್ತು ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಅದು ಏರುತ್ತದೆ. ದಿನದ ಕೂಲಿ 3,300. ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮೆ) ಮಾಲೀಕರ ಪಾಲು ಶೇ 3.25, ಸುಮಾರು 107. ಸೋಪು, ಆಸಿಡ್, ಪೊರಕೆಯ ಸವೆತ 300. ಲಗೇಜ್ ಆಟೋ 500. ತಿಂಡಿ ಊಟ ಐವರಿಗೆ 400. ಒಟ್ಟು 4,607. ಫೋನು, ರಿಪೇರಿ, ವಸೂಲಾಗದ ಬಾಕಿಗೆ ಶೇ 10 ಇಡಿ. ಆಗ ಸುಮಾರು 5,070 ಆಗುತ್ತದೆ. ಕೆಲಸವಿಲ್ಲದ ದಿನಗಳಿಗೂ ಸ್ವಲ್ಪ ಉಳಿಯಬೇಕು, ಆದ್ದರಿಂದ ದಿನಕ್ಕೆ 5,400ಕ್ಕಿಂತ ಕಡಿಮೆಗೆ ಕೆಲಸ ಒಪ್ಪಿಕೊಳ್ಳಬೇಡಿ. "ಪಾಪ, ಬಡವರಿಗೆ ಕೆಲಸ ಕೊಡುತ್ತಿದ್ದೇವಲ್ಲ, ಕಡಿಮೆ ಮಾಡಿ" ಎನ್ನುವ ಗಿರಾಕಿಯನ್ನು ಬಿಟ್ಟುಬಿಡಿ. ಅವರು ಕಡಿಮೆ ಮಾಡಿಸಿದ ಪ್ರತಿ ರೂಪಾಯಿಯನ್ನೂ ತಂಡದ ಹುಡುಗರೇ ತುಂಬಬೇಕಾಗುತ್ತದೆ.

ಈ ಲೆಕ್ಕದಲ್ಲಿ ಕಾಣದ ಕಂದಕವೊಂದಿದೆ. ತಿಂಗಳಿಗೆ 26 ದಿನಕ್ಕೆ ಒಂದು ತಂಡದ ಖರ್ಚು ಸುಮಾರು 1 ಲಕ್ಷ 20 ಸಾವಿರ. ಕಾಲೇಜು, ಆಸ್ಪತ್ರೆ, ಕಂಪನಿಗಳಂಥ ಗಿರಾಕಿಗಳು ಬಿಲ್ ಕೊಟ್ಟ 45 ದಿನಕ್ಕೆ ಹಣ ಕೊಟ್ಟರೆ ನಿಮ್ಮ 1 ಲಕ್ಷ 80 ಸಾವಿರ ಸದಾ ಹೊರಗೇ ಇರುತ್ತದೆ. ಕೂಲಿಯನ್ನು ಮಾತ್ರ ಅಂದಂದೇ ಕೊಡಬೇಕು. ಇಂಥ ಸಂಸ್ಥೆ ಕೆಲಸ ಸಿಗದೆ ಮುಚ್ಚುವುದಕ್ಕಿಂತ, ದೊಡ್ಡ ಗುತ್ತಿಗೆ ಸಿಕ್ಕಿದ ಸಂಭ್ರಮದಲ್ಲೇ ಕೈಯಲ್ಲಿ ಕಾಸಿಲ್ಲದೆ ಮುಚ್ಚುವ ಅಪಾಯ ಹೆಚ್ಚು. ಆದ್ದರಿಂದ ಮೊದಲ ಆರು ತಿಂಗಳು ಛತ್ರದವರಿಂದ ಅರ್ಧ ಮುಂಗಡ, ಉಳಿದದ್ದು ಬೀಗದ ಕೈ ಒಪ್ಪಿಸುವಾಗ. ಪಿಜಿಗಳಿಂದ ತಿಂಗಳ ಮೊದಲ ವಾರವೇ. ನಿಮ್ಮ 5 ಲಕ್ಷವನ್ನು ನಾನು ಹೀಗೆ ಹಂಚುತ್ತೇನೆ: ಕೂಲಿಗೆಂದೇ ಮುಟ್ಟದ ಹಣ 2 ಲಕ್ಷ, ಸಲಕರಣೆ, ಸಮವಸ್ತ್ರ 60 ಸಾವಿರ, ಸಾಮಾನು ಇಡುವ, ಸ್ನಾನ ಮಾಡುವ ಕೋಣೆಯ ಅಡ್ವಾನ್ಸ್ ಮತ್ತು ಸ್ಟೀಲ್ ಲಾಕರ್‌ಗೆ 40 ಸಾವಿರ, ಆರೈಕೆಗೆ ಒಂದೂವರೆ ಲಕ್ಷ, ಆಪತ್ತಿಗೆ 50 ಸಾವಿರ.

ಆರೈಕೆಯ ಒಂದೂವರೆ ಲಕ್ಷವನ್ನು ಬೇರೆ ಪುಸ್ತಕದಲ್ಲಿ ಬರೆಯಿರಿ, ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆಯಲ್ಲಿಡಿ. ಅರೆಕಾಲಿಕ ಸಮಾಜ ಕಾರ್ಯಕರ್ತರ ಸಂಬಳ (ತಿಂಗಳಿಗೆ 15 ಸಾವಿರದಂತೆ ಆರು ತಿಂಗಳಿಗೆ 90 ಸಾವಿರ), ಆಸ್ಪತ್ರೆಗೆ ಓಡಾಟ, ಕನ್ನಡಕ, ಆಧಾರ್ ತಿದ್ದುಪಡಿ, ಮೊದಲ ವಾರಗಳಲ್ಲಿ ಅರ್ಧ ಕೆಲಸವಾಗಿ ಉಳಿದದ್ದಕ್ಕೆ ಕರೆದ ಹೆಚ್ಚುವರಿ ಆಳಿನ ಕೂಲಿ, ಇವೆಲ್ಲ ವ್ಯವಹಾರದ ಖರ್ಚಲ್ಲ. ದಾನ, ಅನುದಾನ, ಕಂಪನಿಗಳು ಸಾಮಾಜಿಕ ಹೊಣೆಗೆಂದು ಕೊಡುವ ಸಿಎಸ್‌ಆರ್ ಹಣದಿಂದಲೇ ಇದು ನಡೆಯಬೇಕು. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ವ್ಯವಹಾರ ಲಾಭದಲ್ಲಿದೆಯೋ ದಾನ ಅದನ್ನು ತಳ್ಳುತ್ತಿದೆಯೋ ತಿಳಿಯುವುದಿಲ್ಲ. ಹಣ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಕಾರ್ಯಕರ್ತರ ಸಂಬಳಕ್ಕೆ. ಅವರು ಹೋದರೆ ತಂಡವೂ ಚದುರುತ್ತದೆ. ಬೆಂಗಳೂರಿನಲ್ಲಿ ಚಿಂದಿ ಆಯುವವರ ನಡುವೆ ಕೆಲಸ ಮಾಡುವ 'ಹಸಿರು ದಳ'ದ ರಚನೆಯನ್ನು ಅಧ್ಯಯನ ಮಾಡಿ. ಗುರುತಿನ ಚೀಟಿ, ಆರೋಗ್ಯ, ಹಕ್ಕುಗಳ ಕೆಲಸಕ್ಕೆ ಒಂದು ಟ್ರಸ್ಟ್. ಅಪಾರ್ಟ್‌ಮೆಂಟ್, ಕಂಪನಿ, ಸಮಾರಂಭಗಳ ಕಸ ನಿರ್ವಹಣೆಯನ್ನು ಶುಲ್ಕಕ್ಕೆ ಮಾಡಿಕೊಡಲು 'ಹಸಿರು ದಳ ಇನ್ನೋವೇಷನ್ಸ್' ಎಂಬ ಬೇರೆ ಕಂಪನಿ. ಅಲ್ಲಿನವರೆಲ್ಲ ಮನೆಯಿಲ್ಲದವರಲ್ಲ ಎಂಬುದು ನಿಜ. ಆದರೂ ಆರೈಕೆಯನ್ನೂ ವ್ಯವಹಾರವನ್ನೂ ಬೇರ್ಪಡಿಸಿದ ಬಗೆ ನಿಮಗೆ ಹೊಂದುತ್ತದೆ.

ಮೊದಲ ತಿಂಗಳೇ ಎಲ್ಲವನ್ನೂ ನಿರ್ಧರಿಸುತ್ತದೆ. ನಾಲ್ಕು ಜನರ ಕೆಲಸಕ್ಕೆ ಆರು ಜನರ ಹೆಸರು ಪಟ್ಟಿಯಲ್ಲಿರಲಿ, ಗೈರುಹಾಜರಿ ಇದ್ದೇ ಇರುತ್ತದೆ. ಹೆಚ್ಚಿಗೆ ಬಂದ ದಿನ ಉಳಿದಿಬ್ಬರಿಗೆ ಅರ್ಧ ದಿನದ ಕೆಲಸವನ್ನಾದರೂ ಕೊಡಿ. ಬೆಳಿಗ್ಗೆ ಬಂದವರನ್ನು ಬರಿಗೈಲಿ ಕಳಿಸಿದರೆ ಅವರು ಮತ್ತೆ ಬರುವುದಿಲ್ಲ. ಫೋನ್ ನಂಬಬೇಡಿ. ಬೀದಿಯಲ್ಲಿ ಫೋನು ಕಳುವಾಗುತ್ತದೆ, ಚಾರ್ಜ್ ಇರುವುದಿಲ್ಲ. ದಿನವೂ ಒಂದೇ ಜಾಗ, ಒಂದೇ ಹೊತ್ತು: ಬೆಳಿಗ್ಗೆ ಆರೂವರೆಗೆ ನಿಮ್ಮ ಕೋಣೆ. ಅಲ್ಲಿ ಬಿಸಿನೀರು, ಸೋಪು, ಸಮವಸ್ತ್ರ, ಇಡ್ಲಿ ಚಹಾ, ಹೆಸರು ಬರೆದ ಲಾಕರ್, ಫೋನ್ ಚಾರ್ಜ್ ಮಾಡುವ ಪ್ಲಗ್. ಲಾಕರ್‌ಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಕಂಬಳಿ, ಬಟ್ಟೆ, ಕಾಗದಪತ್ರವಿರುವ ಗಂಟನ್ನು ಕಾಯುವವರಿಲ್ಲದ ಕಾರಣಕ್ಕೇ ಎಷ್ಟೋ ಜನ ಹಗಲಿನ ಕೆಲಸ ಬಿಡುತ್ತಾರೆ.

ಮೊದಲ ವಾರ ನಾಲ್ಕು ಗಂಟೆಯ ಕೆಲಸ ಮಾತ್ರ, ಅದಕ್ಕೆ ತಕ್ಕ ಕೂಲಿ. ವರ್ಷಗಟ್ಟಲೆ ಸರಿಯಾಗಿ ನಿದ್ದೆ ಮಾಡದ ದೇಹ ಎಂಟು ಗಂಟೆಯ ದುಡಿಮೆಯನ್ನು ಒಂದೇ ಏಟಿಗೆ ತಡೆಯುವುದಿಲ್ಲ. ಬಟವಾಡೆ ಮೊದಲ ಎರಡು ವಾರ ದಿನವೂ ಸಂಜೆ, ಹಾಜರಿ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಆಮೇಲೆ ವಾರಕ್ಕೆರಡು ಸಲ, ಎರಡು ತಿಂಗಳಾದ ಮೇಲೆ ವಾರಕ್ಕೊಮ್ಮೆ, ಬ್ಯಾಂಕ್ ಖಾತೆಗೆ. "ಕುಡಿದುಬಿಡುತ್ತಾರೆ, ನಾವೇ ಇಟ್ಟುಕೊಂಡು ತಿಂಗಳ ಕೊನೆಗೆ ಕೊಡೋಣ" ಎಂಬ ಸಲಹೆ ಯಾರಿಂದಲಾದರೂ ಬರುತ್ತದೆ. ಒಪ್ಪಬೇಡಿ. ಅವರ ದುಡ್ಡು ನಿಮ್ಮ ಬೀರುವಿನಲ್ಲಿದ್ದರೆ ಅದು ಜೀತದ ಹಾದಿ, ಕಾನೂನಿಗೂ ವಿರುದ್ಧ. ಉಳಿತಾಯ ಅವರದೇ ಹೆಸರಿನ ಖಾತೆಯಲ್ಲಿರಲಿ, ಪಾಸ್‌ಬುಕ್ ಅವರ ಲಾಕರ್‌ನಲ್ಲಿರಲಿ.

ಹಾಸಿಗೆಯ ವ್ಯವಸ್ಥೆಯನ್ನು ಪಾಲಿಕೆಯ ವಸತಿರಹಿತರ ಆಶ್ರಯ ಕೇಂದ್ರದ ಜೊತೆ ಕೂತು ಮಾತಾಡಿ. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನ ಮತ್ತು ಅನಂತರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಂತೆ ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು, ಅದು 24 ಗಂಟೆಯೂ ತೆರೆದಿರಬೇಕು, ತಲಾ 50 ಚದರಡಿ ಜಾಗ ಕೊಡಬೇಕು. ವಾಸ್ತವದಲ್ಲಿ ರಾತ್ರಿ ಇಂತಿಷ್ಟು ಹೊತ್ತಿಗೆ ಬಾಗಿಲು ಹಾಕುವ ರೂಢಿ ಕಾಣುತ್ತದೆ. ಛತ್ರದ ಕೆಲಸ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ತಂಡದವರ ಹೆಸರುಪಟ್ಟಿ, ಪಾಳಿಯ ವೇಳೆ ಬರೆದು ಪಾಲಿಕೆಯ ಸಂಬಂಧಿಸಿದ ಅಧಿಕಾರಿಯ ಸಹಿ ಪಡೆದು ಕೇಂದ್ರದ ಮೇಲ್ವಿಚಾರಕರ ಕೈಗೆ ಕೊಡಿ. ಇದನ್ನು ಮಾಡದಿದ್ದರೆ ಕೆಲಸಕ್ಕೆ ಹೋದ ತಪ್ಪಿಗೆ ಮನುಷ್ಯ ಆ ರಾತ್ರಿ ಫುಟ್‌ಪಾತ್‌ಗೆ ಬೀಳುತ್ತಾನೆ.

ಒಂದು ಛತ್ರದ ಕೆಲಸ ಹೇಗಿರಬೇಕು ನೋಡಿ, ತರಬೇತಿ ಎಂದರೆ ಇದೇ. ಕೊನೆಯ ಪಂಕ್ತಿ ಎದ್ದ ಕೂಡಲೇ ಇಬ್ಬರು ಬಾಳೆಲೆ, ಊಟದ ಶೇಷವನ್ನು ಹಸಿಕಸದ ಡ್ರಮ್‌ಗೆ ಹಾಕಬೇಕು. ಪೇಪರ್ ಲೋಟ, ನೀರಿನ ಬಾಟಲಿ ಬೇರೆ ಚೀಲಕ್ಕೆ. ಬಾಟಲಿ ಮಾರಿದ ಹಣ ತಂಡದ್ದು, ನಾಲ್ವರಿಗೂ ಸಮಪಾಲು ಎಂದು ಮೊದಲೇ ಹೇಳಿಬಿಟ್ಟರೆ ಜಗಳವಿಲ್ಲ. ಅಡುಗೆಮನೆಯ ನೆಲದ ಎಣ್ಣೆಜಿಡ್ಡಿಗೆ ತಣ್ಣೀರು ಸುರಿದರೆ ಜಿಡ್ಡು ಹರಡಿ ಜಾರುತ್ತದೆ. ವಾಷಿಂಗ್ ಸೋಡಾ ಕದಡಿದ ಬಿಸಿನೀರು ಹಾಕಿ ಹತ್ತು ನಿಮಿಷ ಬಿಟ್ಟು, ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಆಮೇಲೆ ವೈಪರ್. ಮೋರಿಗೆ ನೀರು ಬಿಡುವ ಮುಂಚೆ ಜಾಲರಿಯ ಮೇಲಿನ ಅನ್ನ ತೆಗೆಯಬೇಕು. ಇಲ್ಲದಿದ್ದರೆ ಮಾರನೇ ದಿನ ಛತ್ರದ ಮ್ಯಾನೇಜರ್ ಕಟ್ಟಿಕೊಂಡ ಮೋರಿಯ ಬಿಲ್ಲನ್ನು ನಿಮಗೇ ಹಾಕುತ್ತಾರೆ. ಶೌಚಾಲಯದ ನೆಲಕ್ಕೆ ಹತ್ತು ಲೀಟರ್ ನೀರಿಗೆ 300 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿದ ದ್ರಾವಣ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಮೋಡ್‌ಗೆ ಹಾಕುವ ಆಸಿಡ್ ಮತ್ತು ಈ ಬ್ಲೀಚಿಂಗ್ ಎಂದೂ ಒಂದೇ ಕಡೆ ಸೇರಬಾರದು. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ಓದಲು ಬಾರದವರೂ ತಂಡದಲ್ಲಿರುತ್ತಾರೆ, ಆದ್ದರಿಂದ ಆಸಿಡ್‌ಗೆ ಕೆಂಪು ಬಕೆಟ್, ಬ್ಲೀಚಿಂಗ್‌ಗೆ ನೀಲಿ ಬಕೆಟ್. ಒಂದು ದಿನ ಒಬ್ಬರ ಕೈಯಲ್ಲಿ ಒಂದೇ ಬಣ್ಣ. ಗಂಬೂಟು, ರಬ್ಬರ್ ಕೈಗವಸು ಇಲ್ಲದೆ ಮೇಸ್ತ್ರಿ ಯಾರನ್ನೂ ಒಳಗೆ ಬಿಡಬಾರದು. ಬೀದಿಯಲ್ಲಿದ್ದವರ ಕಾಲಲ್ಲಿ ಒಣಗದ ಗಾಯ ಇರುವುದು ಸಾಮಾನ್ಯ, ಆ ಗಾಯಕ್ಕೆ ಬ್ಲೀಚಿಂಗ್ ನೀರು ತಾಕಿದರೆ ವಾರಗಟ್ಟಲೆ ಕೆಲಸ ಹೋಯಿತು.

ಮದುವೆಯಿಲ್ಲದ ತಿಂಗಳುಗಳ ಬಗ್ಗೆ ಈಗಲೇ ಯೋಚಿಸಿ. ಆಷಾಢದಲ್ಲಿ ಛತ್ರಗಳು ಖಾಲಿ, ಧನುರ್ಮಾಸದಲ್ಲೂ ಹಾಗೇ. ತಿಂಗಳಿಗೆ 22 ದಿನದ ಕೂಲಿ ಖಾತರಿ ಎಂದು ತಂಡಕ್ಕೆ ಮಾತು ಕೊಡಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಖಾತರಿಯೇ ಇಲ್ಲದಿದ್ದರೆ ನಿಮಗೂ ಬೇರೆ ಗುತ್ತಿಗೆದಾರರಿಗೂ ಏನು ವ್ಯತ್ಯಾಸ? ಆದರೆ ಅದಕ್ಕೆ ಬೆಲೆ ಇದೆ. ಆಷಾಢದಲ್ಲಿ 16 ದಿನದ ಕೆಲಸ ಮಾತ್ರ ಸಿಕ್ಕರೆ ಆರು ದಿನದ ಕೂಲಿ 19,800 ಕೈಯಿಂದ ಹೋಗುತ್ತದೆ. ಫೋನು, ರಿಪೇರಿ, ಬಾಕಿಗೆಂದು ಇಟ್ಟ ಶೇ 10 ಖರ್ಚಾಗದಿದ್ದರೆ ದಿನಕ್ಕೆ ಉಳಿಯುವ ಸುಮಾರು 800ರಂತೆ 24 ದಿನ ದುಡಿದ ಒಳ್ಳೆಯ ತಿಂಗಳಿನ ಉಳಿಕೆಯೂ ಹೆಚ್ಚುಕಡಿಮೆ ಅಷ್ಟೇ. ಒಂದು ಒಳ್ಳೆಯ ತಿಂಗಳು ಒಂದು ಕೆಟ್ಟ ತಿಂಗಳನ್ನು ಸಾಕುತ್ತದೆ ಎಂದಾಯಿತು, ಆದ್ದರಿಂದ ಮೊದಲ ವರ್ಷ ಲಾಭ ಎಂದು ಒಂದು ಪೈಸೆಯನ್ನೂ ಹೊರಗೆ ತೆಗೆಯಬೇಡಿ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಬರುವ ಭಕ್ತರಿಗೆ ಪ್ರಸಾದ ಹಂಚುವ ಸಂಘಗಳಿಗೆ ಪಾತ್ರೆ ತೊಳೆಯಲು, ಜಾಗ ಶುಚಿಮಾಡಲು ಜನ ಬೇಕಾಗುತ್ತಾರೆ, ಒಂದು ತಿಂಗಳು ಮುಂಚೆಯೇ ಹೋಗಿ ಮಾತಾಡಿ. ಪಿಜಿಗಳಲ್ಲಿ ವಾರಕ್ಕೊಮ್ಮೆ ಶೌಚಾಲಯದ ಪೂರ್ಣ ಶುಚಿ ಎಂಬ ಒಪ್ಪಂದಗಳು ಆಷಾಢಕ್ಕೆ ಮೊದಲು ಹತ್ತಾದರೂ ಕೈಯಲ್ಲಿರಲಿ.

ಕಾಗದಪತ್ರದ ವಿಷಯ. ಆಧಾರ್ ಇಲ್ಲ ಎನ್ನುವವರಲ್ಲಿ ಎಷ್ಟೋ ಜನ ಹಿಂದೆ ಮಾಡಿಸಿ ಕಳೆದುಕೊಂಡಿರುತ್ತಾರೆ. ಹೊಸದಾಗಿ ಅರ್ಜಿ ಹಾಕಿದರೆ ಬೆರಳಚ್ಚು ಹಳೆಯದಕ್ಕೆ ಹೊಂದಿ ತಿರಸ್ಕೃತವಾಗುತ್ತದೆ, ವಾರಗಳು ವ್ಯರ್ಥ. ಮೊದಲು ಆಧಾರ್ ಕೇಂದ್ರದಲ್ಲಿ ಬೆರಳು ಅಥವಾ ಕಣ್ಣಿನ ಪಾಪೆ ಕೊಟ್ಟು ಹಳೆಯ ಸಂಖ್ಯೆ ಹುಡುಕಿಸಿ. ದುಡಿದು ಸವೆದ ಬೆರಳು ಓದದಿದ್ದರೆ ಕಣ್ಣು ಓದುತ್ತದೆ. ವಿಳಾಸಕ್ಕೆ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ನಡೆಯುತ್ತದೆ. ಏನೂ ಇಲ್ಲದಿದ್ದರೂ ಬ್ಯಾಂಕಿನಲ್ಲಿ ಫೋಟೊ ಮತ್ತು ಸಹಿಯ ಮೇಲೆ 'ಸಣ್ಣ ಖಾತೆ' ತೆರೆಯಬಹುದು: ಬಾಕಿ 50 ಸಾವಿರ ಮೀರಬಾರದು, ವರ್ಷಕ್ಕೆ ಜಮಾ 1 ಲಕ್ಷ, ತಿಂಗಳಿಗೆ ತೆಗೆಯುವುದು 10 ಸಾವಿರದೊಳಗೆ. ಹನ್ನೆರಡು ತಿಂಗಳೊಳಗೆ ದಾಖಲೆಗೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೊಂದು ವರ್ಷ ನಡೆಯುತ್ತದೆ. ಕೌಂಟರ್‌ನಲ್ಲಿ "ಅಂಥದ್ದೇನೂ ಇಲ್ಲ" ಎಂದರೆ ಮ್ಯಾನೇಜರ್ ಬಳಿ ಹೋಗಿ ರಿಸರ್ವ್ ಬ್ಯಾಂಕಿನ ನಿಯಮ ಎಂದು ಹೇಳಿ. ಖಾತೆ ಆದ ಮೇಲೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ ಸಿಗುತ್ತದೆ.

ಕುಡಿತದ ಬಗ್ಗೆ ನಿಯಮ ಒಂದೇ ಇರಲಿ: ಪಾಳಿಯಲ್ಲಿ ಕುಡಿದಿರಬಾರದು. ಕುಡಿದು ಬಂದವರಿಗೆ ಅಂದು ಕೆಲಸವಿಲ್ಲ, ನಾಳೆ ಇದೆ. "ಪೂರ್ತಿ ಬಿಟ್ಟು ಬಾ" ಎಂಬ ಷರತ್ತು ಹಾಕಬೇಡಿ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಬಿಡಿಸುವುದು ವೈದ್ಯರ ನಿಗಾದಲ್ಲೇ ಆಗಬೇಕು. ಮಾನಸಿಕ ಕಾಯಿಲೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಔಷಧಿ ಉಚಿತ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಆಗಲೇಬೇಕು. ಕ್ಷಯವಾದರೆ ಚಿಕಿತ್ಸೆ ಉಚಿತ, ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಚಿಕಿತ್ಸೆಯಲ್ಲಿರುವ ತಿಂಗಳು ಹಗುರ ಕೆಲಸ ಕೊಡಿ, ಹೆಸರು ತೆಗೆಯಬೇಡಿ.

ನೋಂದಣಿಗೆ ಸದ್ಯ ಒಂದು ಸಾರ್ವಜನಿಕ ಟ್ರಸ್ಟ್ ಸಾಕು. ಸಂಘ ಮಾಡುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರು ಬೇಕು. ಹತ್ತು ನೌಕರರಾದ ಕೂಡಲೇ ಇಎಸ್‌ಐ, ಇಪ್ಪತ್ತಾದರೆ ಭವಿಷ್ಯನಿಧಿ. ಇಎಸ್‌ಐಯನ್ನು ಹೊರೆ ಎಂದು ನೋಡಬೇಡಿ, ಇವರಿಗೆ ಅದಕ್ಕಿಂತ ಅಗ್ಗದ ಆಸ್ಪತ್ರೆ ಬೇರೆ ಸಿಗದು. ಜಿಎಸ್‌ಟಿ ಕಡೆ ಗಮನವಿರಲಿ: ಒಂದು ತಂಡ ವರ್ಷವಿಡೀ ದುಡಿದರೂ ವಹಿವಾಟು ಸುಮಾರು 17 ಲಕ್ಷ, ಎರಡನೇ ತಂಡ ಕಟ್ಟಿದರೆ ಸೇವೆಗಳಿಗಿರುವ 20 ಲಕ್ಷದ ಮಿತಿ ದಾಟಿ ಶೇ 18 ತೆರಿಗೆ ಸೇರುತ್ತದೆ. ಪಿಜಿ ಮಾಲೀಕರಿಗೆ ಅದು ನೇರ ದರ ಏರಿಕೆ. ಎರಡನೇ ತಂಡಕ್ಕೆ ಮುನ್ನ ತೆರಿಗೆಯನ್ನು ವಾಪಸು ಪಡೆಯಬಲ್ಲ ನೋಂದಾಯಿತ ಗಿರಾಕಿಗಳನ್ನು ಹುಡುಕಿಕೊಳ್ಳಿ. ಟ್ರಸ್ಟ್ ವ್ಯವಹಾರ ಮಾಡುವಾಗ ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಕಡ್ಡಾಯ, ಇದನ್ನು ಲೆಕ್ಕಪರಿಶೋಧಕರ ಜೊತೆ ಮೊದಲ ತಿಂಗಳೇ ಕೂತು ಮಾಡಿ.

ಇನ್ನೊಂದು ತೊಡಕನ್ನು ಹೊಸಬರು ಮರೆಯುತ್ತಾರೆ. ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಜಾರಿಯಲ್ಲಿದೆ. ನಿಲ್ದಾಣದ ಬಳಿ ಮಲಗಿದವರನ್ನು ಭಿಕ್ಷುಕರೆಂದು ಕರೆದೊಯ್ದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಬಿಡುವುದುಂಟು. ಫೋಟೊ, ಟ್ರಸ್ಟಿನ ಮೊಹರು, ನಿಮ್ಮ ಫೋನ್ ಸಂಖ್ಯೆ ಇರುವ ಗುರುತಿನ ಚೀಟಿ ಮೊದಲ ದಿನವೇ ಪ್ರತಿಯೊಬ್ಬರ ಜೇಬಿನಲ್ಲಿರಲಿ, ತಂಡದ ಪಟ್ಟಿಯ ಪ್ರತಿಯನ್ನು ಠಾಣೆಗೂ ಕೊಡಿ. ಆದರೆ ಚೀಟಿಯ ಮೇಲೆ "ನಿರಾಶ್ರಿತ" ಎಂಬ ಪದ ಬೇಡ, "ಶುಚಿ ತಂಡದ ಸಿಬ್ಬಂದಿ" ಎಂದಿರಲಿ. ಗಿರಾಕಿಗೂ ಅಷ್ಟೇ ಹೇಳಿದರೆ ಸಾಕು. ತಂಡದವರ ಕಷ್ಟದ ಕಥೆ, ಮುಖದ ಫೋಟೊ ಪ್ರಚಾರಕ್ಕೆ ಬಳಸಿದ ದಿನದಿಂದ, ಛತ್ರದಲ್ಲಿ ಒಂದು ಉಂಗುರ ಕಾಣೆಯಾದರೂ ಎಲ್ಲರ ಕಣ್ಣು ಅವರ ಮೇಲೇ. ಕಳುವಿನ ಆರೋಪ ಬಂದರೆ ಏನು ಮಾಡಬೇಕೆಂಬುದನ್ನು ಒಪ್ಪಂದದಲ್ಲೇ ಬರೆಯಿರಿ: ತಂಡ ಒಳಗೆ ಬರುವ ಮೊದಲು ಗಿರಾಕಿಯ ಪ್ರತಿನಿಧಿ ಕೋಣೆಗಳನ್ನು ನೋಡಿ ಸಹಿ ಹಾಕಬೇಕು, ಕೆಲಸ ಮುಗಿದ ಮೇಲೂ ಸಹಿ ಹಾಕಬೇಕು, ಮೈ ತಪಾಸಣೆ ಯಾರೂ ಮಾಡುವಂತಿಲ್ಲ.

ಮೇಸ್ತ್ರಿಯನ್ನು ಆರಿಸುವಾಗ ಅವಸರ ಬೇಡ. ಕೂಲಿಯಲ್ಲಿ ಪಾಲು ಕೇಳುವ ಮೇಸ್ತ್ರಿ ಒಬ್ಬನಿದ್ದರೆ ನಿಮ್ಮ ಇಡೀ ಯೋಜನೆ ಹಾಳು, ಅದಕ್ಕೇ ಬಟವಾಡೆ ಮೇಸ್ತ್ರಿಯ ಕೈಯಿಂದ ಆಗಕೂಡದು. ಆರು ತಿಂಗಳ ಮೇಲೆ ತಂಡದೊಳಗಿಂದಲೇ ಒಬ್ಬರನ್ನು ಮೇಸ್ತ್ರಿ ಮಾಡಿ.

ಯಶಸ್ಸನ್ನು ಎಷ್ಟು ಜನ ಸೇರಿದರು ಎಂದು ಎಣಿಸಬೇಡಿ. 90ನೇ ದಿನ ಎಷ್ಟು ಜನ ಕೆಲಸದಲ್ಲಿದ್ದಾರೆ, 180ನೇ ದಿನ ಎಷ್ಟು ಜನ ಬಾಗಿಲಿರುವ ಕೋಣೆಯಲ್ಲಿ ಮಲಗುತ್ತಿದ್ದಾರೆ, ಈ ಎರಡು ಅಂಕಿ ಸಾಕು. ಎರಡನೆಯದಕ್ಕೆ ಅಡ್ಡ ಬರುವುದು ಬಾಡಿಗೆಗಿಂತ ಅಡ್ವಾನ್ಸ್. ಇಬ್ಬರು ಮೂವರು ಸೇರಿ ಒಂದು ಕೋಣೆ ಹಿಡಿದರೆ ತಿಂಗಳ ಬಾಡಿಗೆ ದುಡಿಮೆಯಲ್ಲೇ ಹೊಂದುತ್ತದೆ, ಆದರೆ ಹಲವು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಎಣಿಸಿ ಕೊಡುವುದು ಅವರಿಂದಾಗದು. ಆಪತ್ತಿನ 50 ಸಾವಿರದಲ್ಲಿ 30 ಸಾವಿರವನ್ನು ಇದಕ್ಕೆ ತೆಗೆದಿಡಿ. ಅಡ್ವಾನ್ಸ್ ಹಣವನ್ನು ಟ್ರಸ್ಟ್ ಹೆಸರಿನಿಂದಲೇ ಮನೆ ಮಾಲೀಕರ ಖಾತೆಗೆ ಹಾಕಿ, ಕರಾರಿನಲ್ಲಿ "ಬಿಡುವಾಗ ಟ್ರಸ್ಟಿಗೆ ಹಿಂದಿರುಗಿಸತಕ್ಕದ್ದು" ಎಂದು ಬರೆಸಿ, ಬಾಡಿಗೆ ಮಾತ್ರ ವಾಸಿಸುವವರ ಹೆಸರಿನಲ್ಲಿರಲಿ. ಹಣ ನಿಮ್ಮದಾಗಿಯೇ ಉಳಿದು ಮುಂದಿನವರ ಕೋಣೆಗೂ ಬರುತ್ತದೆ, ಕರಾರುಪತ್ರದಲ್ಲಿ ಅವರ ಹೆಸರಿರುವುದರಿಂದ ಆಧಾರ್ ವಿಳಾಸ ಬದಲಿಸಲೂ ಒಂದು ದಾಖಲೆ ಸಿಕ್ಕಂತಾಗುತ್ತದೆ.